ಬರೆಯುವವರು ಬೇರೆ, ಕೊಡುವವರು ಬೇರೆ

ನಾನು ಫಾರ್ಮಸಿಸ್ಟ್. ಕೌಂಟರಿನಲ್ಲಿ ಜಾಸ್ತಿ ಕಿವಿಗೆ ಬೀಳುವ ಮಾತು ಇದು: "ಮಾತ್ರೆ ಕೊಡೋಕೆ ಲೈಸೆನ್ಸ್ ಯಾಕೆ ಬೇಕು? ಚೀಟಿ ನೋಡಿ ಎತ್ತಿಕೊಟ್ಟರೆ ಆಯ್ತಲ್ವಾ?"

ಅಂಥವರಿಗೆ ಮೆಥೊಟ್ರೆಕ್ಸೇಟ್ ವಿಷಯ ಹೇಳುತ್ತೇನೆ. ಸಂಧಿವಾತಕ್ಕೆ ಇದನ್ನು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗುತ್ತದೆ, ಮೂಳೆಯೊಳಗೆ ರಕ್ತಕಣ ಹುಟ್ಟುವುದೇ ಕಡಿಮೆಯಾಗುತ್ತದೆ, ಜೀವವೇ ಹೋಗಬಹುದು. ಒಮ್ಮೆ ನನ್ನ ಕೈಗೆ ಬಂದ ಚೀಟಿಯಲ್ಲಿ "ದಿನಕ್ಕೊಂದು" ಎಂದಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. "ಅಯ್ಯೋ, ವಾರಕ್ಕೊಂದು ರೀ!" ಎಂದರು. ಅವರು ಕೆಲಸ ಗೊತ್ತಿರುವ ಡಾಕ್ಟರೇ. ಉಳಿದ ಮಾತ್ರೆಗಳೆಲ್ಲ ದಿನಕ್ಕೊಂದು, ಕೈ ಅದೇ ಓಟದಲ್ಲಿ ಬರೆದುಬಿಟ್ಟಿತ್ತು. ಬರೆದವರೇ ಕೊಡುವವರೂ ಆಗಿದ್ದರೆ ಆ ಚೀಟಿಯನ್ನು ಇನ್ನೊಬ್ಬರು ಓದುತ್ತಲೇ ಇರಲಿಲ್ಲ.

ದುಡ್ಡಿನ ಮಾತೂ ಇದೆ. ಔಷಧ ಮಾರಿ ಲಾಭ ಬರುವುದಾದರೆ ಬರೆಯುವ ಕೈಗೆ ಆಸೆ ಹುಟ್ಟುತ್ತದೆ. 13ನೇ ಶತಮಾನದಲ್ಲೇ ಸಿಸಿಲಿಯ ದೊರೆ 2ನೇ ಫ್ರೆಡರಿಕ್, ವೈದ್ಯರು ಔಷಧದ ಅಂಗಡಿ ಇಡಬಾರದು, ಅಂಗಡಿಯವರ ಜೊತೆ ಪಾಲುದಾರರೂ ಆಗಬಾರದು ಎಂದು ಕಾನೂನು ಮಾಡಿದ. ದಕ್ಷಿಣ ಕೊರಿಯಾದಲ್ಲಿ ಇದು ಬಂದದ್ದು 2000ದಲ್ಲಿ. ಅಲ್ಲಿಯವರೆಗೆ ಡಾಕ್ಟರು ಮಾತ್ರೆ ಮಾರುತ್ತಿದ್ದರು, ಫಾರ್ಮಸಿಸ್ಟ್ ತಾನೇ ರೋಗ ಊಹಿಸಿ ಔಷಧ ಕೊಡುತ್ತಿದ್ದ. ಎರಡನ್ನೂ ಬೇರೆ ಮಾಡಿದಾಗ ಡಾಕ್ಟರುಗಳು ಮುಷ್ಕರಕ್ಕೇ ಇಳಿದರು. ಸ್ವಿಟ್ಜರ್ಲೆಂಡಿನ ಕೆಲವು ಪ್ರಾಂತ್ಯಗಳಲ್ಲಿ ಡಾಕ್ಟರು ಈಗಲೂ ಔಷಧ ಕೊಡಬಹುದು.

ಹಾಗಂತ ಎಲ್ಲ ಮಾತ್ರೆಯೂ ನಮ್ಮ ಕೌಂಟರಿನ ಹಿಂದೆಯೇ ಇರಬೇಕು ಎನ್ನುವ ನಮ್ಮವರ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅದರಲ್ಲಿ ವ್ಯಾಪಾರದ ವಾಸನೆಯೂ ಇದೆ, ಸುಮ್ನೆ ಯಾಕೆ ಮುಚ್ಚಿಡಬೇಕು. ಆದರೆ ಸ್ವೀಡನ್ನಿನಲ್ಲಿ ನಡೆದದ್ದನ್ನು ನೋಡಿ. 2009ರಲ್ಲಿ ಪ್ಯಾರಾಸಿಟಮಾಲ್ ಮಾತ್ರೆಯನ್ನು ಸಾಮಾನ್ಯ ಅಂಗಡಿಗಳಲ್ಲೂ ಮಾರಲು ಬಿಟ್ಟರು. ಅದನ್ನು ಅತಿಯಾಗಿ ನುಂಗಿ ವಿಷವೇರಿದವರ ಸಂಖ್ಯೆ ಏರಿತು. 2015ರಲ್ಲಿ ಮಾತ್ರೆಗಳನ್ನು ಮತ್ತೆ ಔಷಧದ ಅಂಗಡಿಗಷ್ಟೇ ಸೀಮಿತ ಮಾಡಿದರು.

ನನ್ನ ಜಗಳ ಇರುವುದು ಬೇರೆ ಕಡೆ. ಗೋಡೆಯ ಮೇಲೆ ಒಬ್ಬರ ಸರ್ಟಿಫಿಕೇಟ್, ಕೌಂಟರಿನಲ್ಲಿ ಇನ್ಯಾರೋ ಹುಡುಗ. ಔಷಧ ಕೇಳುವಾಗ ಫಾರ್ಮಸಿಸ್ಟ್ ಯಾರು ಎಂದು ವಿಚಾರಿಸಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.