ಪೀಲಿಂಗ್ ಮನೆಗೆ ಹೋಯಿತು, ನಷ್ಟವೂ ಅವರ ತಲೆಗೇ ಹೋಯಿತು

ಕುಮಟಾ ಕಡೆಯ ಒಂದು ಗೇರುಬೀಜ ಫ್ಯಾಕ್ಟರಿಯಲ್ಲಿ ನಾನು ಗ್ರೇಡಿಂಗ್ ನೋಡಿಕೊಳ್ಳುತ್ತೇನೆ. ಮೊದಲು ಪೀಲಿಂಗ್, ಅಂದರೆ ಬೀಜದ ಕೆಂಪು ಸಿಪ್ಪೆ ಸುಲಿಯುವ ಕೆಲಸ ಕೂಡ ಒಳಗೇ ಇತ್ತು. ಆಮೇಲೆ ಹೆಂಗಸರ ಹೆಸರನ್ನು ಹಾಜರಿ ಪುಸ್ತಕದಿಂದ, ಅಂದರೆ ಮಸ್ಟರ್‌ನಿಂದ ತೆಗೆದು, ಅದೇ ಬೀಜವನ್ನು ಏಜೆಂಟ್ ಕೈಲಿ ಅವರ ಮನೆಗೇ ಕಳಿಸಲು ಶುರು ಮಾಡಿದರು. ಕಿಲೋಕ್ಕೆ ಇಷ್ಟು ಅಂತ ರೇಟು, ಅಷ್ಟೇ.

ಕಳೆದ ಮಳೆಗಾಲದಲ್ಲಿ ತಕ್ಕಡಿ ಹತ್ತಿರ ಜಗಳವಾಯಿತು. ಒಬ್ಬ ಅಕ್ಕನ ಮಾಲಿನಲ್ಲಿ ತುಂಡು ಜಾಸ್ತಿ ಅಂತ ಏಜೆಂಟ್ ದುಡ್ಡು ಮುರಿದುಕೊಂಡ. ನಾನು ಟ್ರೇ ಎಳೆದು ನೋಡಿದೆ. ಬೀಜದ ಬಾಗಿದ ಕಡೆ ಕೆಂಪು ಸಿಪ್ಪೆ ಹಾಗೇ ಅಂಟಿತ್ತು, ಸುತ್ತಲೂ ಚಾಕುವಿನ ಗೀರು. ಬೋರ್ಮಾದಿಂದ, ಅಂದರೆ ಬೀಜ ಒಣಗಿಸುವ ಬಿಸಿ ಗೂಡಿನಿಂದ ಬಂದ ಬೀಜದ ಸಿಪ್ಪೆ ಗರಿಗರಿಯಾಗಿರುತ್ತದೆ, ಬೆರಳಲ್ಲಿ ಉಜ್ಜಿದರೆ ಉದುರುತ್ತದೆ. ಬೀಜ ಥಂಡಿ ಎಳೆದು ತೇವವಾದರೆ ಚಾಕು ಹಾಕಲೇಬೇಕು. ಚಾಕು ಹಾಕಿದರೆ ಬೀಜ ಒಡೆಯುತ್ತದೆ.

ಅಕ್ಕ ನನ್ನ ಕಡೆ ತಿರುಗಿದರು. "ತಂಗೀ, ಇಲ್ಲಿ ಥಂಡಿ ಹಿಡಿದ್ರೆ ತಿರುಗಿ ಬೋರ್ಮಾಕ್ಕೆ ಹಾಕ್ತಿದ್ರಿ. ನಮ್ಮನೇಲಿ ಬೋರ್ಮಾ ಎಲ್ಲಿದೆ?"

ಏಜೆಂಟ್ ಉತ್ತರ ಕೊಡಲಿಲ್ಲ. ಹಿಂದೆ ಚೀಲ ಹಿಡಿದು ಸಾಲಲ್ಲಿ ನಿಂತವರೂ ಸುಮ್ಮನಾದರು. ಮುಂದಿನ ವಾರ ತಮಗೆ ಮಾಲು ಸಿಗದಿದ್ದರೆ ಅನ್ನೋ ಹೆದರಿಕೆ. ಮ್ಯಾನೇಜರ್‌ಗೆ ಫೋನ್ ಹಾಕಿದೆ. ಬಹಳ ಹೊತ್ತು ವಾದ ಮಾಡಿದ ಮೇಲೆ ಆ ದಿನದ ದುಡ್ಡು ಪೂರ್ತಿ ಕೊಡಿಸಿದರು. ಆದರೆ "ಅವರೇನು ನಮ್ಮ ನೌಕರರಲ್ಲ" ಅಂದರು. ಆ ಮಾತು ಇನ್ನೂ ನನಗೆ ಉರಿಯುತ್ತದೆ.

ಯಾಕೆ ಅಲ್ಲ? ಬೀಜ ಫ್ಯಾಕ್ಟರಿಯದು, ತಕ್ಕಡಿ ಫ್ಯಾಕ್ಟರಿಯದು, ಸರಿಯಿಲ್ಲ ಅಂತ ವಾಪಸ್ ಮಾಡುವವರೂ ಇವರೇ. ಮನೆಯಲ್ಲಿ ಬೀಡಿ ಕಟ್ಟುವವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಇದನ್ನು ಹೇಳಿದೆ. ಮಾಲು ನೋಡಿ ಬೇಡ ಅನ್ನುವ ಅಧಿಕಾರ ಇದ್ದರೆ ಅದೂ ಮೇಲ್ವಿಚಾರಣೆಯೇ, ಅವರಿಗೂ ಪಿಎಫ್ ಸಲ್ಲಬೇಕು ಅಂತ. ಗೇರುಬೀಜ ಸುಲಿಯುವವರ ಕೆಲಸ ಇದಕ್ಕಿಂತ ಬೇರೆ ಹೇಗೆ? ಪಿಎಫ್ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಮಸ್ಟರ್‌ನಿಂದ ಹೆಸರು ಹೋದ ದಿನವೇ ಆ ಅಕ್ಕನ ಲೆಕ್ಕ ನಿಂತುಹೋಗಿದೆ.

ಈಗ ಮಾಲು ಕೊಡುವಾಗಲೇ ತೂಕ, ತಾರೀಕು, ಬೀಜ ಒಣಗಿದೆಯೋ ಇಲ್ಲವೋ ಅಂತ ಬರೆದು ಚೀಟಿ ಕೊಡುತ್ತೇನೆ. ಏಜೆಂಟ್‌ಗೆ ಇಷ್ಟವಿಲ್ಲ. ಇಂಥ ಕೆಲಸ ಮಾಡುವ ಅಕ್ಕಂದಿರೇ, ಚೀಟಿ ಕೇಳಿ ತಗೊಳ್ಳಿ, ಹಳೇ ಪಗಾರ ಸ್ಲಿಪ್ಪಿನ ಜೊತೆ ಎತ್ತಿಡಿ. ನೀವು ಯಾರ ಕೆಲಸ ಮಾಡಿದ್ರಿ ಅನ್ನೋದಕ್ಕೆ ಬೇರೆ ಕಾಗದ ನಿಮ್ಮ ಹತ್ತಿರ ಇರುವುದಿಲ್ಲ.