ಬೇಯಿಸಿದ ಭತ್ತ

ಅಮ್ಮನ ಕತ್ತಿನಲ್ಲಿ ಗಂಟು ಎದ್ದಿದ್ದು ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ಗಡಿಬಿಡಿಯಲ್ಲಿ. ಬೋರ್ಡೋ ದ್ರಾವಣ ಎಲ್ಲಾ ಗೊನೆಗೂ ಬಿತ್ತೋ ಇಲ್ಲವೋ ಅಂತ ದಿನವಿಡೀ ಮೇಲೆ ನೋಡುತ್ತಿದ್ದ ನಮಗೆ ಅವಳ ಕತ್ತು ಕಾಣಲೇ ಇಲ್ಲ. ತೀರ್ಥಹಳ್ಳಿಯಲ್ಲಿ ಎರಡು ಸಲ ಆಂಟಿಬಯಾಟಿಕ್ ಕೊಟ್ಟರು, ಕರಗಲಿಲ್ಲ. ಶಿವಮೊಗ್ಗದ ಸರ್ಜನ್ ಒಬ್ಬರು, "ಟಿ.ಬಿ. ಇರಬಹುದು, ತೆಗೆದು ಟೆಸ್ಟಿಗೆ ಕಳಿಸೋಣ" ಅಂದರು.

ಗಂಟು ತೆಗೆದದ್ದು ಅರ್ಧ ಗಂಟೆಯಲ್ಲಿ. ನರ್ಸ್ ಬಂದು ಒಂದು ಡಬ್ಬಿ, ಒಂದು ಚೀಟಿ ಕೈಗಿಟ್ಟು ಲ್ಯಾಬಿಗೆ ಕೊಟ್ಟು ಬನ್ನಿ ಅಂದರು. ಒಳಗೆ ನೀರಿನಂಥದ್ದರಲ್ಲಿ ಗೋಡಂಬಿಯಷ್ಟು ಮಾಂಸ. ಅಮ್ಮನನ್ನೇ ಅಂಗಿ ಜೇಬಿನಲ್ಲಿ ಇಟ್ಟುಕೊಂಡ ಹಾಗಾಗಿ, ಮಳೆಯಲ್ಲಿ ಕೊಡೆಯನ್ನು ನನಗಿಂತ ಹೆಚ್ಚಾಗಿ ಅದಕ್ಕೇ ಹಿಡಿದೆ.

ಲ್ಯಾಬಿನ ಹುಡುಗ ಚೀಟಿ ಓದಿದ. "ಬಯಾಪ್ಸಿ ಸರಿ. ಕಲ್ಚರ್‌ಗೂ ಬರೆದಿದಾರಲ್ಲ, ಕ್ರಿಮಿ ಬೆಳೆಸಿ ನೋಡೋಕೆ, ಆ ಪೀಸ್ ಎಲ್ಲಿ?"

"ಕೊಟ್ಟಿದ್ದು ಇಷ್ಟೇ."

"ಎಲ್ಲಾ ಫಾರ್ಮಾಲಿನ್‌ಗೇ ಹಾಕಿಬಿಟ್ಟಿದಾರೆ ಸರ್. ಮಾಂಸ ಕೆಡದ ಹಾಗೆ ಇಡೋ ದ್ರವ ಅದು. ಬ್ಯಾಕ್ಟೀರಿಯಾ ಸತ್ತೇ ಹೋಗಿರ್ತವೆ. ಸಲೈನ್‌ನಲ್ಲಿ ಬೇರೆ ತುಂಡು ಬೇಕಿತ್ತು." ನನ್ನ ಮುಖ ನೋಡಿ ಯಾವ ಕಡೆಯವರು ಅಂತ ಕೇಳಿದ, ಹೇಳಿದೆ. "ಹಂಗಾದ್ರೆ ನಿಮಗೆ ಗೊತ್ತಲ್ಲ, ಬೇಯಿಸಿದ ಭತ್ತ ಸಸಿಮಡಿಗೆ ಚೆಲ್ಲಿದ್ರೆ ಮೊಳಕೆ ಬರ್ತದಾ?"

ಕುಚ್ಚಲಕ್ಕಿ ಉಣ್ಣುವವನಿಗೆ ಮತ್ತೆ ವಿವರಿಸಬೇಕಾಗಲಿಲ್ಲ. ಸಿಟ್ಟು ಮಾತ್ರ ಬಂತು. ಇನ್ನೊಂದು ಡಬ್ಬಿಗೆ ಎಷ್ಟು ಮಹಾ ಖರ್ಚು? ಗಾಜನೂರು ದಾಟುವವರೆಗೂ ಬಸ್ಸಿನಲ್ಲಿ ಅದನ್ನೇ ಗೊಣಗಿದೆ. ಹೊಲಿಗೆ ಹಾಕಿಸಿಕೊಂಡವಳು ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದಳು.

ಬಯಾಪ್ಸಿ ರಿಪೋರ್ಟಿನಲ್ಲಿ ಗ್ರ್ಯಾನುಲೋಮ (ಜೀವಕೋಶಗಳ ಪುಟ್ಟ ಗುಂಪು), ಗಿಣ್ಣಿನ ಹಾಗೆ ಕೊಳೆತ ಭಾಗ ಅಂತಿತ್ತು. ಟಿ.ಬಿ.ಯ ಲಕ್ಷಣವೇ. ಆದರೆ ಬಣ್ಣ ಹಾಕಿ ಹುಡುಕಿದರೂ ಕ್ರಿಮಿ ಸಿಕ್ಕಿರಲಿಲ್ಲ. ಗಂಟಿನಲ್ಲಿ ಅವು ಬಹಳ ಕಮ್ಮಿ ಇರುತ್ತವೆ, ಕಾಣದಿದ್ದರೆ ಇಲ್ಲ ಅಂತಲ್ಲ ಅಂದರು ಡಾಕ್ಟರು. ಯಾವ ಮಾತ್ರೆಗೆ ಬಗ್ಗುತ್ತದೆ ಅಂತ ತಿಳಿಯಲು ಮಾದರಿ ಮತ್ತೆ ಬೇಕು. ಪಕ್ಕದ ಸಣ್ಣ ಗಂಟಿಗೆ ಸೂಜಿ ಚುಚ್ಚಿ ಎಳೆದರು. ಈ ಸಲ ನಾನು ಬಾಗಿಲಲ್ಲೇ ನಿಂತು, "ಸಲೈನಾ? ಫಾರ್ಮಾಲಿನ್ ಅಲ್ಲ ತಾನೇ?" ಅಂತ ಮೂರು ಸಲ ಕೇಳಿ ನರ್ಸ್ ಕೈಲಿ ಬೈಸಿಕೊಂಡೆ.

ಸಿಬಿನ್ಯಾಟ್ ಮಷೀನಿಗೆ ಹಾಕಿದರೆ ಸುಮಾರು ಎರಡು ಗಂಟೆಯ ಕೆಲಸ. ಅದು ಹುಡುಕುವುದು ಕ್ರಿಮಿಯ ಡಿಎನ್‌ಎಯನ್ನು. ಟಿ.ಬಿ. ಹೌದು, ಅದರ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಬಗ್ಗುತ್ತದೆ ಅಂತ ಬಂತು. ಆರು ತಿಂಗಳ ಮಾತ್ರೆ ಶುರುವಾಯಿತು. ಕಲ್ಚರ್‌ನದ್ದೇ ಬೇರೆ ಕಥೆ. ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾ ಎಲ್ಲ ಅನುಕೂಲ ಇದ್ದಾಗ 20 ನಿಮಿಷಕ್ಕೊಮ್ಮೆ ಇಬ್ಭಾಗವಾದರೆ, ಈ ಟಿ.ಬಿ. ಮಹಾಶಯನಿಗೆ ಸುಮಾರು 20 ಗಂಟೆ ಬೇಕಂತೆ. ಬೆಳೆದಿಲ್ಲ ಅಂತ ಹೇಳಬೇಕಾದರೆ 42 ದಿನ ಕಾಯುತ್ತಾರೆ.

ಲ್ಯಾಬಿನಿಂದ ಫೋನ್ ಬಂದಾಗ ಅಡಿಕೆ ಗೊನೆ ಕೊಯ್ಲು ಶುರುವಾಗಿತ್ತು. ಅಮ್ಮ ಅಂಗಳದಲ್ಲಿ ಮೆಟ್ಟುಗತ್ತಿ ಮೆಟ್ಟಿ ಅಡಿಕೆ ಸುಲಿಯುತ್ತಿದ್ದಳು. ಗಾಯದ ಗೆರೆ ಸೆರಗಿನಡಿ ಕಾಣುತ್ತಿರಲಿಲ್ಲ.

"ಬೆಳೆದಿದೆಯಂತೆ ಅಮ್ಮ."

"ಅದಾದ್ರೂ ಬೆಳೀತಲ್ಲ ಮಾರಾಯ," ಅಂದಳು, ಕೈ ನಿಲ್ಲಿಸದೆ. "ಈ ವರ್ಷ ತೋಟದಲ್ಲಿ ಎಂತದೂ ಇಲ್ಲ."