ಹುಲಿ, ಮೇಕೆ, ಹುಲ್ಲಿನ ಹೊರೆ: ನಮ್ಮ ಆಟ ಎಲ್ಲಿಗೆ ಬಂತು

ವಿಶೇಷ ಮಕ್ಕಳಿಗೆ ಅಂತ ಟ್ಯಾಬ್‌ನಲ್ಲಿ ಒಂದು ಒಗಟಿನ ಆಟ ಮಾಡತೊಡಗಿ ಹತ್ತು ವಾರ ಆಯ್ತು. ನೋಟ್‌ಬುಕ್ಕಿನಲ್ಲಿ ಗೀಚಿಟ್ಟಿದ್ದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ. ಇದೇ ಕೆಲಸದಲ್ಲಿರುವ ಟೀಚರ್‌ಗಳಿಗೆ, ಮನೆಯಲ್ಲಿ ಇಂಥ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ ಉಪಯೋಗಕ್ಕೆ ಬಂದೀತು.

ನಾನು ಸಾಗರದ ಕಡೆಯ ವಿಶೇಷ ಶಿಕ್ಷಕಿ. ಶನಿವಾರ ಶಾಲೆ ಬಿಟ್ಟ ಮೇಲೆ ನಾಲ್ಕು ಮಕ್ಕಳು ನಮ್ಮ ಮನೆ ಜಗುಲಿಗೆ ಬರುತ್ತಾರೆ. ಇಬ್ಬರು ಹುಡುಗರಿಗೆ ಆಟಿಸಂ, ಒಬ್ಬನಿಗೆ ಸೆರೆಬ್ರಲ್ ಪಾಲ್ಸಿ, ಹುಡುಗಿಗೆ ಡೌನ್ ಸಿಂಡ್ರೋಮ್. ಅಕ್ಷರ, ಲೆಕ್ಕ ಅವರವರ ಮಟ್ಟಕ್ಕೆ ಕಲಿಯುತ್ತಿದ್ದಾರೆ. ಆದರೆ ಅಂದುಕೊಂಡಿದ್ದು ಆಗದಿದ್ದರೆ ಮುಂದೇನು ಅಂತ ಅವರಿಗೆ ತೋಚುವುದಿಲ್ಲ. ನೀರಿನ ಬಾಟಲಿಯ ಮುಚ್ಚಳ ಬಿಗಿಯಾಗಿದ್ದರೆ ಹಾಗೇ ಹಿಡಿದು ಕೂತುಬಿಡುತ್ತಾರೆ, ಇಲ್ಲಾ ಬಿಸಾಕುತ್ತಾರೆ. ಬೇರೆ ದಾರಿ ಹುಡುಕುವುದನ್ನು ಕಲಿಸಬೇಕು ಅಂತಲೇ ಆಟ ಮಾಡಲು ಕೂತೆ.

ಒಗಟು ಎಲ್ಲರಿಗೂ ಗೊತ್ತಿರುವುದೇ. ಹುಲಿ, ಮೇಕೆ, ಹುಲ್ಲಿನ ಹೊರೆ ಮೂರನ್ನೂ ಹೊಳೆ ದಾಟಿಸಬೇಕು. ದೋಣಿಯಲ್ಲಿ ಒಂದು ಸಲಕ್ಕೆ ಒಂದೇ. ಅಂಬಿಗ ಜೊತೆಗಿಲ್ಲದಿದ್ದರೆ ಹುಲಿ ಮೇಕೆಯನ್ನು, ಮೇಕೆ ಹುಲ್ಲನ್ನು ತಿಂದುಬಿಡುತ್ತದೆ. ಯುರೋಪಿನಲ್ಲೂ ಇದು ತೋಳ, ಮೇಕೆ, ಎಲೆಕೋಸು ಅಂತ ಸಾವಿರ ವರ್ಷದಿಂದ ಇದೆ. ನಾನು ಇದನ್ನು ಆರಿಸಿಕೊಂಡಿದ್ದು ನಾಲ್ಕನೇ ಸಲದ ದಾಟುವಿಕೆಗಾಗಿ. ಆಚೆ ದಡಕ್ಕೆ ಬಿಟ್ಟು ಬಂದ ಮೇಕೆಯನ್ನು ಆಗ ವಾಪಸ್ ಈಚೆಗೆ ತರಬೇಕು. ಮಾಡಿದ ಕೆಲಸವನ್ನೇ ಕೆಡಿಸಿದ ಹಾಗೆ ಕಾಣುತ್ತದೆ, ಅಲ್ವಾ? ದೊಡ್ಡವರೂ ಅಲ್ಲೇ ತಡವರಿಸುತ್ತಾರೆ.

ಮೊದಲ ಮೂರು ವಾರ

ಮಾಡಿದ್ದು ಸ್ಕ್ರ್ಯಾಚ್‌ನಲ್ಲಿ. ಅಮೆರಿಕದ ಎಂಐಟಿಯವರು 2007ರಲ್ಲಿ ಬಿಟ್ಟ ತಂತ್ರಾಂಶ, ಪೂರ್ತಿ ಉಚಿತ. ಬಣ್ಣದ ಬ್ಲಾಕ್‌ಗಳನ್ನು ಒಂದಕ್ಕೊಂದು ಜೋಡಿಸಿದರೆ ಪ್ರೋಗ್ರಾಂ ಆಗುತ್ತದೆ. ಒಮ್ಮೆ ಇನ್‌ಸ್ಟಾಲ್ ಮಾಡಿಕೊಂಡರೆ ಇಂಟರ್‌ನೆಟ್ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಅದು ದೊಡ್ಡ ಅನುಕೂಲ.

ಮೊದಲು ಹಾಳೆಯ ಮೇಲೆ ಲೆಕ್ಕ ಹಾಕಿದೆ. ಅಂಬಿಗ, ಹುಲಿ, ಮೇಕೆ, ಹುಲ್ಲು, ಒಬ್ಬೊಬ್ಬರೂ ಈ ದಡ ಇಲ್ಲವೇ ಆ ದಡ. ಒಟ್ಟು 16 ಬಗೆ. ಅದರಲ್ಲಿ 6 ಅಪಾಯದವು. ಆ ಆರನ್ನು ಗುರುತಿಸುವಂತೆ ಬ್ಲಾಕ್ ಜೋಡಿಸಿದರೆ ಆಟದ ಮುಕ್ಕಾಲು ಭಾಗ ಮುಗಿಯಿತು.

ದೋಣಿಯ ಚಿತ್ರ ಮಕ್ಕಳಿಗೆ ಹತ್ತಲಿಲ್ಲ. ಅವರು ದೋಣಿ ಹತ್ತಿದವರಲ್ಲ, ಸಿಗಂದೂರಿಗೆ ಹೋಗುವಾಗ ಶರಾವತಿ ಹಿನ್ನೀರು ದಾಟಿಸುವ ಲಾಂಚ್ ಹತ್ತಿದವರು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಆಯ್ತು, ಆದರೂ ಮಕ್ಕಳ ಬಾಯಲ್ಲಿ ಇನ್ನೂ ಲಾಂಚೇ. ದೋಣಿ ತೆಗೆದು ಲಾಂಚ್ ಬರೆದೆ. ಅವತ್ತೇ ನಾಲ್ವರೂ ಟ್ಯಾಬ್ ಹತ್ತಿರ ಸರಿದು ಕೂತರು.

ಪ್ರಾಣಿಯನ್ನು ಬೆರಳಲ್ಲಿ ಎಳೆದು ಲಾಂಚಿಗೆ ಹಾಕುವಂತೆ ಮಾಡಿದ್ದೆ. ಸೆರೆಬ್ರಲ್ ಪಾಲ್ಸಿ ಇರುವ ಹುಡುಗನ ಬೆರಳು ಅರ್ಧ ದಾರಿಯಲ್ಲೇ ಜಾರುತ್ತಿತ್ತು. ಉತ್ತರ ಅವನಿಗೆ ಗೊತ್ತಿತ್ತು, ಕೈ ಮಾತು ಕೇಳುತ್ತಿರಲಿಲ್ಲ. ಈಗ ಸುಮ್ನೆ ಮುಟ್ಟಿದರೆ ಸಾಕು, ಪ್ರಾಣಿ ತಾನೇ ಹೋಗಿ ಲಾಂಚ್ ಹತ್ತುತ್ತದೆ. ಚಿತ್ರಗಳನ್ನೂ ದೊಡ್ಡದು ಮಾಡಿದೆ.

ನಾಲ್ಕನೇ ವಾರ

ಈ ವಾರ ಕಲಿತಿದ್ದು ನಾನು. ತಪ್ಪು ಮಾಡಿದರೆ ಹುಲಿ ಗರ್ಜಿಸಿ ಮೇಕೆಯ ಮೇಲೆ ಹಾರುತ್ತಿತ್ತು. ಚಿಕ್ಕ ಹುಡುಗ ಬೇಕಂತಲೇ ತಪ್ಪು ಮಾಡತೊಡಗಿದ. ಒಂದೇ ಮಧ್ಯಾಹ್ನ 23 ಸಲ ಹುಲಿಗೆ ಮೇಕೆ ತಿನ್ನಿಸಿದ. ಗೆದ್ದರೆ ಬರುತ್ತಿದ್ದುದು ಬರೀ ಒಂದು ನಕ್ಷತ್ರ. ಅವನ ಲೆಕ್ಕದಲ್ಲಿ ಸೋಲೇ ಬಹುಮಾನ. ಗರ್ಜನೆ ತೆಗೆದುಹಾಕಿದೆ. ಈಗ ತಪ್ಪಾದರೆ ಮೇಕೆ ಮೆಲ್ಲಗೆ ತಲೆ ಆಡಿಸುತ್ತದೆ, ಲಾಂಚ್ ಹೊರಡುವುದಿಲ್ಲ. ಗೆದ್ದರೆ ಹುಲಿ ಕುಣಿಯುತ್ತದೆ.

ಐದರಿಂದ ಎಂಟು

ಸುಲಭದಿಂದ ಕಷ್ಟಕ್ಕೆ ಅಂತ ಮೆಟ್ಟಿಲು ಮಾಡಿದ್ದೆ. ಮೊದಲು ಮೇಕೆ ಒಂದೇ, ಆಮೇಲೆ ಮೇಕೆ ಮತ್ತು ಹುಲ್ಲು, ಕೊನೆಗೆ ಮೂರೂ. ಮೊದಲ ಎರಡು ಎಲ್ಲರೂ ದಾಟಿದರು. ಮೂರನೆಯದರಲ್ಲಿ ಎಲ್ಲರೂ ನಿಂತುಬಿಟ್ಟರು. ಸ್ವಲ್ಪ ಸಮಯ ಹಾಗೇ ಹೋಯ್ತು. ಆಮೇಲೆ ಹೊಳೆಯಿತು. ಮೊದಲ ಎರಡು ಮೆಟ್ಟಿಲಲ್ಲಿ ಏನನ್ನೂ ವಾಪಸ್ ತರಬೇಕಿಲ್ಲ. ಒಯ್ದಿದ್ದನ್ನು ತರಬಾರದು ಅಂತ ನಾನೇ ಅವರಿಗೆ ಅಭ್ಯಾಸ ಮಾಡಿಸಿದ್ದೆ.

ಹಾಗಾಗಿ ಹಿಂದಿನಿಂದ ಕಲಿಸಲು ಶುರು ಮಾಡಿದೆ. ನಮ್ಮ ತರಬೇತಿಯಲ್ಲಿ ಇದಕ್ಕೆ ಬ್ಯಾಕ್‌ವರ್ಡ್ ಚೈನಿಂಗ್ ಅಂತಾರೆ. ಶರ್ಟ್ ಹಾಕಿಕೊಳ್ಳುವುದನ್ನು ಕಲಿಸುವಾಗ ಉಳಿದ ಗುಂಡಿ ನಾವು ಹಾಕಿ, ಕೊನೆಯದನ್ನು ಮಗುವಿಗೆ ಬಿಡುತ್ತೇವಲ್ಲ, ಅದೇ. ಆಟದಲ್ಲೂ ಆರು ಸಲದ ದಾಟುವಿಕೆ ಮುಗಿದಿರುತ್ತದೆ. ಮಗು ಏಳನೆಯದನ್ನು ಮಾತ್ರ ಮಾಡಿ ಗೆಲ್ಲುತ್ತದೆ. ಮುಂದಿನ ವಾರ ಕೊನೆಯ ಮೂರು. ಅದರ ಮುಂದಿನ ವಾರ ಕೊನೆಯ ನಾಲ್ಕು, ಅಂದರೆ ಮೇಕೆ ವಾಪಸ್ ಬರುವಲ್ಲಿಂದ. ಪ್ರತಿ ಸಲ ದಾಟಿದಾಗಲೂ ಪರದೆಯ ಕೆಳಗೆ ಒಂದು ಚಿಕ್ಕ ಚಿತ್ರ ಸೇರುತ್ತದೆ. ಏಳು ಚಿತ್ರದ ಸಾಲು. ತಾನು ಏನೇನು ಮಾಡಿದೆ ಅಂತ ಮಗು ಹಿಂದಿರುಗಿ ನೋಡಬಹುದು.

ಎಂಟನೇ ವಾರ ದೊಡ್ಡ ಹುಡುಗ ಮೇಕೆಯ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಕೂತ. ನಾನು ಮಾತಾಡಲಿಲ್ಲ. ಆಮೇಲೆ "ಮೇಕೆ ವಾಪಸ್" ಅಂದ, ಮುಟ್ಟಿದ. ಎರಡು ಸಲ ಮುಂದೆ ಹೋಗಿ ತಿರುಗಿ ನನ್ನ ಮುಖ ನೋಡಿದ. ನನ್ನ ಕಣ್ಣಲ್ಲಿ ನೀರಿತ್ತು.

ಒಂಬತ್ತು, ಹತ್ತು

ಆಟದಲ್ಲಿ ಕಲಿತಿದ್ದು ಆಟದಲ್ಲೇ ಉಳಿದುಬಿಡುತ್ತದೆ ಅನ್ನುವುದು ನನಗಿದ್ದ ದೊಡ್ಡ ಚಿಂತೆ. ಅದಕ್ಕೆ ಟ್ಯಾಬ್ ಮುಚ್ಚಿಟ್ಟು, ಜಗುಲಿ ಮೇಲೆ ಸುಣ್ಣದಲ್ಲಿ ಹೊಳೆ ಬರೆದು, ಮೊರವನ್ನೇ ಲಾಂಚ್ ಮಾಡಿ ಆಡಿಸುತ್ತಿದ್ದೇನೆ. ದೊಡ್ಡ ಹುಡುಗ ಮೊರದಲ್ಲೂ ಏಳು ಸಲಕ್ಕೆ ಮುಗಿಸಿದ. ಚಿಕ್ಕವನಿಗೆ ಇನ್ನೂ ಆಗಿಲ್ಲ.

ಬುಧವಾರ ದೊಡ್ಡ ಹುಡುಗನ ಅಮ್ಮ ಫೋನ್ ಮಾಡಿದ್ದರು. ಬೆಳಿಗ್ಗೆ ಶರ್ಟಿನ ಗುಂಡಿ ಮೇಲೆ ಕೆಳಗೆ ಆಗಿತ್ತಂತೆ. ಹಾಗಾದಾಗಲೆಲ್ಲ ಕಿರುಚಿ ಶರ್ಟನ್ನೇ ಎಳೆದು ಹಾಕುತ್ತಿದ್ದ ಹುಡುಗ. "ಮೇಕೆ ವಾಪಸ್, ಮೇಕೆ ವಾಪಸ್ ಅಂತ ಹೇಳ್ಕೊಂಡು ಒಂದೊಂದೇ ಗುಂಡಿ ಬಿಚ್ಚಿದ ಮಿಸ್. ಮತ್ತೆ ಮೊದಲಿಂದ ಹಾಕ್ಕೊಂಡ. ಏನು ಮೇಕೆ ಅದು?" ಒಂದು ದಿನ ಆದ ಮಾತ್ರಕ್ಕೆ ಕಲಿತ ಅಂತ ನಾನು ಬರೆದುಕೊಳ್ಳುವುದಿಲ್ಲ. ಇನ್ನೊಂದು ತಿಂಗಳು ನೋಡಬೇಕು. ಆದರೆ ಆ ಫೋನ್ ಬಂದ ದಿನ ನನಗೆ ಬೇರೆ ಕೆಲಸ ಓಡಲಿಲ್ಲ.

ಹುಡುಗಿ ಇನ್ನೂ ಕೊನೆಯ ಮೂರರಲ್ಲಿದ್ದಾಳೆ. ಅವಳಿಗೆ ಚಿತ್ರಕ್ಕಿಂತ ದನಿ ಚೆನ್ನಾಗಿ ಹಿಡಿಸುತ್ತದೆ, ಹಾಗಾಗಿ ಅವಳ ಅಜ್ಜಿಯ ದನಿಯಲ್ಲೇ "ಈಗ ಯಾರು ಹೋಗ್ಬೇಕು ಪುಟ್ಟಿ?" ಅಂತ ರೆಕಾರ್ಡ್ ಮಾಡಿಕೊಂಡು ಬಂದಿದ್ದೇನೆ. ಸೆರೆಬ್ರಲ್ ಪಾಲ್ಸಿ ಇರುವ ಹುಡುಗನ ಬೇಡಿಕೆ ಒಂದೇ, ಲಾಂಚಿಗೆ ಹಾರ್ನ್ ಬೇಕು. ನನ್ನ ಫೋನಿನಲ್ಲಿ ಸಿಗಂದೂರಿಗೆ ಹೋದಾಗಿನ ಹಳೇ ವಿಡಿಯೊ ಇದೆ. ಈ ಶನಿವಾರದೊಳಗೆ ಅದರಿಂದ ಹಾರ್ನ್ ಕತ್ತರಿಸಿ ಹಾಕಬೇಕು.